ಮರಿ ಕೊಡುವವರು ಜಾಳಿಗೆಯನ್ನೂ ಕೊಡಲಿ

ಗೋವಿನಜೋಳದ ತೆನೆ ಹೊಲದಿಂದ ಮನೆಗೆ ಬಂದ ವಾರದೊಳಗೆ ರಾಣೆಬೆನ್ನೂರು ತಾಲೂಕಿನ ನಮ್ಮ ಮೇಡ್ಲೇರಿಯ ಹಿತ್ತಲುಗಳಲ್ಲಿ ಕೋಳಿಮರಿ ಕಾಣೆಯಾಗತೊಡಗುತ್ತವೆ. ರಾಶಿಯ ಬೆನ್ನಿಗೇ ಇಲಿ ಬರುತ್ತದೆ, ಹೆಗ್ಗಣ ಬರುತ್ತದೆ. ಅತಿವೃಷ್ಟಿಯಲ್ಲಿ ಬೆಳೆ ಹೋದರೆ ಸರ್ವೆ ನಡೆಯುತ್ತದೆ. ಕುರಿ ಸತ್ತರೆ ಪರಿಹಾರಕ್ಕೊಂದು ಅರ್ಜಿ ನಮೂನೆಯಾದರೂ ಇದೆ. ರಾತ್ರಿ ಇಲಿ ಎಳೆದೊಯ್ದ ಮರಿಯ ಲೆಕ್ಕ ಮಾತ್ರ ಯಾವ ಕಚೇರಿಯ ಪುಸ್ತಕದಲ್ಲೂ ಇಲ್ಲ. ಮನೆಯ ಗಂಡಸರ ಬಾಯಲ್ಲೂ ಅದು ನಷ್ಟ ಅನ್ನಿಸಿಕೊಳ್ಳುವುದಿಲ್ಲ.

ಆದರೆ ಅದು ನಷ್ಟವೇ, ಮತ್ತು ಹೆಚ್ಚಿನ ಪಾಲು ಹೆಂಗಸರ ನಷ್ಟ. ರಾಣೆಬೆನ್ನೂರು ತಾಲೂಕು ಎಂದರೆ ಹೊರಗಿನವರಿಗೆ ಬೀಜದ ವ್ಯಾಪಾರ, ಹತ್ತಿ, ಗೋವಿನಜೋಳ, ಕೃಷ್ಣಮೃಗದ ಅಭಯಾರಣ್ಯ ನೆನಪಾಗುತ್ತವೆ. ಬೆಳೆ ಮಾರಿದ ದುಡ್ಡು ಬಂದಷ್ಟೇ ಬೇಗ ಗೊಬ್ಬರದ ಅಂಗಡಿಗೆ, ಸೊಸೈಟಿಗೆ, ಸಾಲಕ್ಕೆ ಹೋಗಿಬಿಡುತ್ತದೆ. ಹೆಣ್ಣುಮಗಳು ಯಾರನ್ನೂ ಕೇಳದೆ ಮುಟ್ಟಬಹುದಾದ ದುಡ್ಡು ಎಮ್ಮೆಯ ಹಾಲಿನದು, ಕೋಳಿಯದು, ತತ್ತಿಯದು. ಮಗನ ನೋಟ್‌ಬುಕ್ಕು, ಮಗಳ ಬಸ್ಸಿನ ಖರ್ಚು, ಸಂಘದ ವಾರದ ಕಂತು ಎಲ್ಲ ಅದರಿಂದಲೇ. ಜಾತ್ರೆ, ಬೀಗರೂಟ ಬಂದಾಗ ಒಂದು ಜವಾರಿ ಹುಂಜಕ್ಕೆ ಸಿಗುವ ಬೆಲೆ ಫಾರಂ ಕೋಳಿಗೆ ಸಿಗುವುದಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿಗಳು 85 ಕೋಟಿ, ಅದರಲ್ಲಿ ಹಿತ್ತಲಿನವು 31 ಕೋಟಿ 70 ಲಕ್ಷ. ಹಿಂದಿನ ಗಣತಿಗಿಂತ ಹಿತ್ತಲಿನ ಕೋಳಿ ಸುಮಾರು ಶೇ 46ರಷ್ಟು ಹೆಚ್ಚಿವೆ. ಅಂದರೆ ಊರೂರಿನ ಹೆಂಗಸರು ಈ ಕಸುಬನ್ನು ಬಿಡದೆ ಹಿಡಿದಿದ್ದಾರೆ, ಬೆಳೆಸಿಯೂ ಇದ್ದಾರೆ.

ಮರಿ ಹೋದ ಬೆಳಗ್ಗೆ ಮೊದಲು ಬೈಗುಳ ಬೀಳುವುದು ಬೆಕ್ಕಿಗೆ, ಇಲ್ಲವೇ ಪಕ್ಕದ ಮನೆಯ ನಾಯಿಗೆ. ಗೂಡಿನ ಮುಂದೆ ಕೂತು ನೋಡಿದರೆ ಕಳ್ಳ ಯಾರೆಂದು ಗೊತ್ತಾಗುತ್ತದೆ. ಹಾವು ತತ್ತಿಯನ್ನು ಇಡಿಯಾಗಿ ನುಂಗುತ್ತದೆ, ಸಿಪ್ಪೆ ಉಳಿಯುವುದಿಲ್ಲ. ಮುಂಗುಸಿ ಕುತ್ತಿಗೆಗೇ ಬಾಯಿ ಹಾಕುತ್ತದೆ, ಒಂದೇ ಸಲಕ್ಕೆ ಮೂರು-ನಾಲ್ಕನ್ನು ಕೊಂದು ಬಿಟ್ಟುಹೋಗುವುದೂ ಉಂಟು. ಇಲಿ ತತ್ತಿಯನ್ನು ಉರುಳಿಸಿಕೊಂಡು ಮೂಲೆಗೆ ಒಯ್ದು ಕಡಿಯುತ್ತದೆ. ಸಿಪ್ಪೆಯ ಅಂಚು ಗರಗಸದ ಹಾಗೆ ಉಳಿದಿರುತ್ತದೆ. ಮರಿಯನ್ನು ಬಿಲದೊಳಕ್ಕೆ ಎಳೆಯುತ್ತದೆ, ಬಿಲದ ಬಾಯಲ್ಲಿ ಪುಕ್ಕವೊಂದು ಸಿಕ್ಕಿಕೊಂಡಿರುತ್ತದೆ. ಕಾವಿಗೆ ಕೂತ ಹೇಂಟೆಯಂತೂ ಏಳುವುದಿಲ್ಲ. ಅದರ ಹೊಟ್ಟೆಯ ಕೆಳಗಿನಿಂದಲೇ ತತ್ತಿ ಹೋಗುತ್ತವೆ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ದೊಡ್ಡ ಹೆಗ್ಗಣವಿದ್ದರೆ ಕೂತ ಕೋಳಿಯ ಕಾಲನ್ನೇ ಕಡಿಯುತ್ತದೆ. ಬೆಳಗ್ಗೆ ಗೂಡಿನ ಬಾಗಿಲು ತೆಗೆದಾಗ ಕೋಳಿ ಕುಂಟುತ್ತ ಹೊರಬಂದರೆ ಬೆರಳುಗಳನ್ನು ಎತ್ತಿ ನೋಡಿ.

ಇಲಿ ಬರುವುದು ಮರಿಯ ಆಸೆಗೆ ಅಂತ ನಾವು ತಿಳಿದಿದ್ದೇವೆ. ಅದು ಬರುವುದು ಕಾಳಿಗೆ. ಸಂಜೆ ಗೂಡಿನೊಳಗೆ ಚೆಲ್ಲಿದ ನುಚ್ಚು, ಮೂಲೆಯಲ್ಲಿ ಬಿಟ್ಟ ನೀರಿನ ತಟ್ಟೆ, ಬೆಚ್ಚನೆಯ ಹುಲ್ಲು ಇಷ್ಟಿದ್ದರೆ ಅದಕ್ಕೆ ಸಾಕು. ಮರಿ, ತತ್ತಿ ಆಮೇಲಿನವು. ಒಂದು ಮನೆ ಇಲಿ ದಿನಕ್ಕೆ ಸುಮಾರು 20 ಗ್ರಾಂ ತಿನ್ನುತ್ತದೆ, ಒಂದು ದೊಡ್ಡ ಕೋಳಿ 110–120 ಗ್ರಾಂ. ಆರು ಇಲಿ ಇದ್ದರೆ ಒಂದು ಕೋಳಿಯ ಊಟ ಹೋಯಿತು. ತಿಂದದ್ದಕ್ಕಿಂತ ಹಿಕ್ಕೆ, ಉಚ್ಚೆ ಬಿದ್ದು ಕೆಟ್ಟದ್ದೇ ಹೆಚ್ಚು. ಹೆಣ್ಣಿಲಿ ಗಬ್ಬವಾಗಿ ಮೂರು ವಾರಕ್ಕೆ ಈಯುತ್ತದೆ, ಒಂದು ಸೂಲಿಗೆ ಆರರಿಂದ ಹತ್ತು ಮರಿ. ಎರಡು-ಮೂರು ತಿಂಗಳಿಗೆ ಆ ಮರಿಗಳೂ ಈಯಲು ತಯಾರು. ನಮ್ಮ ಕೋಳಿ 21 ದಿನ ಕಾವು ಕೂತು ಮರಿ ತೆಗೆಯುವ ಹೊತ್ತಿಗೆ ಬಿಲದಲ್ಲೂ ಒಂದು ಸೂಲು ಮುಗಿದಿರುತ್ತದೆ. ಮೇವು ಸಿಗುವವರೆಗೆ ಕೊಂದು ಮುಗಿಸುತ್ತೇವೆ ಎನ್ನುವುದು ಆಗದ ಮಾತು.

ಹಾಗಾಗಿ ಮೊದಲ ಕೆಲಸ ಕಾಳನ್ನು ಮುಚ್ಚುವುದು. ಗೋಣಿಚೀಲ, ಪ್ಲಾಸ್ಟಿಕ್ ಬಕೆಟ್ಟು, ಕಟ್ಟಿಗೆ ಪೆಟ್ಟಿಗೆ ಇಲಿಯ ಹಲ್ಲಿಗೆ ಲೆಕ್ಕವಿಲ್ಲ. ಅದರ ಮುಂದಿನ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ, ಕಡಿದು ಸವೆಸದೆ ಅದಕ್ಕೆ ಗತಿಯಿಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಎಣ್ಣೆಯ ತಗಡಿನ ಡಬ್ಬಿ ಸಾಕು. ಕೋಳಿಗೆ ಸಂಜೆ ಹಾಕುವ ಕಾಳನ್ನು ಅಂಗಳದಲ್ಲೇ, ಅವು ಹೆಕ್ಕಿ ಮುಗಿಸುವಷ್ಟೇ ಹಾಕಬೇಕು. ಗೂಡಿನೊಳಗೆ ರಾತ್ರಿ ಒಂದು ಕಾಳೂ ಉಳಿಯಬಾರದು. ಇನ್ನೊಂದು ಮಾತು, ನಮ್ಮ ಭಾಗದಲ್ಲಿ ಬೀಜದ ಪ್ಯಾಕೆಟ್ಟು ಮನೆಮನೆಯಲ್ಲಿ ಉಳಿದಿರುವುದರಿಂದ ಹೇಳಲೇಬೇಕು: ಬಿತ್ತಿ ಉಳಿದ, ಔಷಧಿ ಲೇಪಿಸಿದ ಕೆಂಪು ಬಣ್ಣದ ಬೀಜವನ್ನು ಕೋಳಿಗೆ ಹಾಕಲೇಬಾರದು. ತೊಳೆದರೂ ಆ ಔಷಧಿ ಹೋಗುವುದಿಲ್ಲ.

ಎರಡನೆಯದು ಗೂಡು. ನಮ್ಮ ಓಣಿಯ ಚಿಗವ್ವನ ಗೂಡಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಅದನ್ನು ಕಟ್ಟುವಾಗ ನಾನು ಪಕ್ಕದಲ್ಲೇ ಇದ್ದೆ. ಹಳೆಯ ಮೇಲ್ಮುದ್ದೆ ಮನೆಯ ಹಿತ್ತಲ ಕಟ್ಟೆಯ ಕೆಳಗೆ, ಕಲ್ಲು ಮಣ್ಣಿನಲ್ಲಿ ಬಿಟ್ಟ ಪೊಟರೆಯೇ ಅವರ ಗೂಡು. ಮುಂದೆ ಒಂದು ಹಲಗೆ, ಅದಕ್ಕೆ ಒತ್ತು ಕೊಟ್ಟ ಕಲ್ಲು. ಎದುರಿಗೆ ಎಲ್ಲ ಭದ್ರವಾಗಿ ಕಾಣುತ್ತಿತ್ತು. ಹೆಗ್ಗಣ ಬರುತ್ತಿದ್ದುದು ಕೆಳಗಿನಿಂದ, ನೆಲ ಕೊರೆದು. ನೆಲದ ಮಣ್ಣನ್ನು ಗೇಣುದ್ದ ಅಗೆದು ತೆಗೆದರು. ಬಿಲಗಳಿಗೆ ಒಡೆದ ಗಾಜಿನ ಚೂರು, ಕಲ್ಲು ತುಂಬಿ, ಮೇಲೆ ಸಿಮೆಂಟು ಹೊಡೆದು, ಅದರ ಮೇಲೆ ಫರಸಿ ಕಲ್ಲು ಹಾಸಿದರು. ಹಲಗೆಯ ಜಾಗಕ್ಕೆ ಕಬ್ಬಿಣದ ಚೌಕಟ್ಟಿನ ಬಾಗಿಲು ಬಂತು, ಅದಕ್ಕೆ ಅರ್ಧ ಇಂಚಿನ ಕಣ್ಣಿನ, ಬೆಸೆದ ತಂತಿಯ ಜಾಳಿಗೆ. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಆರು ಮೂಲೆಯ ಕಣ್ಣಿನ ತೆಳು ‘ಕೋಳಿ ಜಾಳಿಗೆ’. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಇಲಿ ಒಳಗೆ ಬಾರದಂತೆ ತಡೆಯುವುದಿಲ್ಲ. ಅರ್ಧ ಇಂಚಿಗಿಂತ ದೊಡ್ಡ ಸಂದಿ ಇದ್ದರೆ ಎಳೆಯ ಇಲಿ ತಲೆ ತೂರಿಸುತ್ತದೆ, ಚಿಟ್ಟಿಲಿಗೆ ಕಾಲು ಇಂಚೇ ಸಾಕು. ಅದಕ್ಕಾಗಿ ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಬಡಿದರು, ಕಿರುಬೆರಳೂ ಹೋಗಬಾರದು ಎಂದು ಚಿಗವ್ವ ತಾವೇ ಬೆರಳಿಟ್ಟು ನೋಡಿದರು. ಮುಖ್ಯವಾದ ಕೆಲಸ ಹೊರಗಿನದು. ಕಟ್ಟೆಯ ಬುಡದಿಂದ ಹೊರಕ್ಕೆ ಒಂದು ಅಡಿ ಅಗಲದಷ್ಟು ಜಾಳಿಗೆಯನ್ನು ಮಣ್ಣಿನಡಿ ಅಡ್ಡ ಮಲಗಿಸಿ ಮುಚ್ಚಿದರು. ಹೆಗ್ಗಣ ಯಾವಾಗಲೂ ಗೋಡೆಯ ಬುಡದಲ್ಲೇ ಕೊರೆಯಲು ಶುರು ಮಾಡುತ್ತದೆ. ತಂತಿ ತಾಗಿದರೆ ಹಿಂದೆ ಸರಿದು ಕೊರೆಯಬೇಕು ಎಂಬುದು ಅದಕ್ಕೆ ಹೊಳೆಯುವುದಿಲ್ಲ.

ಕಟ್ಟೆ ಇಲ್ಲದವರು ಗೂಡನ್ನು ಕಾಲಿನ ಮೇಲೆ ಎತ್ತಿ ಕಟ್ಟಬಹುದು. ಇಲಿ ಎರಡೂವರೆ ಅಡಿವರೆಗೆ ನೆಗೆಯುತ್ತದೆ, ಕಾಲು ಮೂರು ಅಡಿಗಿಂತ ಕಡಿಮೆ ಇರಬಾರದು. ಕಾಲಿನ ನಡುವೆ ಬೋರಲು ಹಾಕಿದ ತಗಡಿನ ಲಾಳಿಕೆ ಇದ್ದರೆ ಹತ್ತಲಾಗುವುದಿಲ್ಲ. ಗೋಡೆಗೆ, ಸೊಪ್ಪೆ ಬಣವೆಗೆ ತಾಗಿಸಿ ಇಟ್ಟರೆ ಇದೆಲ್ಲ ವ್ಯರ್ಥ.

ಇಷ್ಟೆಲ್ಲ ಯಾಕೆ, ಪಾಷಾಣ ಇದೆಯಲ್ಲ ಎನ್ನುವವರೇ ಹೆಚ್ಚು. ‘ಪಾಷಾಣ ಇಟ್ಟೇನವಾ ಯಕ್ಕಾ, ಇವತ್ತ ನಿನ್ನ ಕೋಳಿ ಈ ಕಡೆ ಬಿಡಬ್ಯಾಡ’ ಎಂದು ಗೋಡೆಯಾಚೆಯಿಂದ ಕೂಗಿ ಹೇಳುವವರು ಒಳ್ಳೆಯವರು. ಹೇಳದೆ ಇಡುವವರೂ ಇದ್ದಾರೆ. ಕೋಳಿಗೆ ನಿನ್ನ ಹಿತ್ತಲು ನನ್ನ ಹಿತ್ತಲು ಎಂಬುದಿಲ್ಲ. ಅಂಗಡಿಯಲ್ಲಿ ಸಿಗುವ ಕರಿ ಪುಡಿ ಜಿಂಕ್ ಫಾಸ್ಫೈಡ್. ಅದು ಹೊಟ್ಟೆಯ ಆಮ್ಲದ ಜೊತೆ ಸೇರಿ ವಿಷಗಾಳಿಯಾಗಿ ಕೊಲ್ಲುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಸ್ವಲ್ಪ ತಿಂದು ಬದುಕಿದ ಇಲಿ ಮತ್ತೆ ಆ ತಿನಿಸನ್ನು ಮೂಸಿಯೂ ನೋಡುವುದಿಲ್ಲ. ಬಣ್ಣದ ಬಿಲ್ಲೆಗಳಾಗಿ ಬರುವುದು ಬ್ರೋಮಾಡಯೋಲೋನ್. ಅದು ರಕ್ತ ಹೆಪ್ಪುಗಟ್ಟದಂತೆ ಮಾಡಿ ನಾಲ್ಕಾರು ದಿನದ ಮೇಲೆ ಕೊಲ್ಲುತ್ತದೆ. ಆ ದಿನಗಳಲ್ಲಿ ಮಂಕಾಗಿ ಓಡಾಡುವ ಇಲಿಯನ್ನು ಬೆಕ್ಕು, ನಾಯಿ, ಗೂಬೆ ಹಿಡಿದು ತಿಂದರೆ ಅವಕ್ಕೂ ಅದೇ ಗತಿ. ಕೋಳಿಯೂ ಸತ್ತ ಚಿಟ್ಟಿಲಿಯನ್ನು ಎಳೆದಾಡಿ ತಿನ್ನುವ ಪ್ರಾಣಿಯೇ.

ಎಲ್ಲಕ್ಕಿಂತ ಕೆಟ್ಟದ್ದು ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟು. ಬ್ರೆಡ್ಡಿಗೆ, ಟೊಮೆಟೊಗೆ, ಬಜ್ಜಿಗೆ ಸವರಿ ಮೂಲೆಯಲ್ಲಿ ಇಡುವುದು ರೂಢಿ. ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಇದನ್ನು ತಿಂದವರಿಗೆ ಮೊದಲ ದಿನ ವಾಂತಿ, ಹೊಟ್ಟೆನೋವು. ಆಮೇಲೆ ಒಂದೆರಡು ದಿನ ಎಲ್ಲ ಸರಿಹೋದಂತೆ ಕಾಣುತ್ತದೆ. ಆಗಲೇ ಒಳಗೆ ಪಿತ್ತಜನಕಾಂಗ ಹೋಗುತ್ತಿರುತ್ತದೆ. ಹುಷಾರಾಯಿತು ಎಂದು ಆಸ್ಪತ್ರೆಯಿಂದ ಬಿಡಿಸಿಕೊಂಡು ಬರಬೇಡಿ, ಚೂರೇ ಬಾಯಿಗೆ ಹೋಗಿದ್ದರೂ ಆ ಟ್ಯೂಬನ್ನೂ ಕೈಯಲ್ಲಿ ಹಿಡಿದು ದೊಡ್ಡ ಆಸ್ಪತ್ರೆಗೆ ಓಡಿ. ತಮಿಳುನಾಡು ಸರ್ಕಾರ ಈ ಪೇಸ್ಟಿನ ಮಾರಾಟವನ್ನೇ ನಿಷೇಧಿಸಿತು. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಬಿಸ್ಕಿಟ್ಟಿನ ಪಕ್ಕ ಇಂಥದ್ದು ತೂಗುಹಾಕಿರುವುದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕೋಳಿಮರಿ ಉಳಿಸಲು ಹೋಗಿ ಮನೆಯ ಮಗುವನ್ನು ಪಣಕ್ಕಿಡುವ ವಸ್ತು ಅದು.

ಬೋನು ನಿಧಾನದ್ದು, ಆದರೆ ಯಾರಿಗೂ ಕೇಡಿಲ್ಲದ್ದು. ಇಲಿಗೆ ಹೊಸ ವಸ್ತು ಎಂದರೆ ಅನುಮಾನ. ತಂದ ದಿನವೇ ಬೋನು ಹೂಡಿದರೆ ಬೀಳುವುದಿಲ್ಲ. ನಾಲ್ಕೈದು ದಿನ ಬಾಯಿ ತೆರೆದೇ ಇಟ್ಟು ಶೇಂಗಾ, ಸುಟ್ಟ ಕೊಬ್ಬರಿ ತಿನ್ನಲು ಬಿಟ್ಟು ಆಮೇಲೆ ಹೂಡಬೇಕು. ಇಲಿ ಮೀಸೆ ಗೋಡೆಗೆ ತಾಗಿಸಿಕೊಂಡೇ ಓಡುವುದರಿಂದ ಬೋನನ್ನು ಗೋಡೆಯ ಪಕ್ಕದಲ್ಲೇ ಇಡಬೇಕು, ಅಂಗಳದ ನಡುವೆ ಅಲ್ಲ. ಬಿದ್ದ ಇಲಿಯನ್ನು ಬೇರೆಯವರ ಓಣಿಗೆ ಬಿಟ್ಟು ಬರುವ ರೂಢಿಯೊಂದಿದೆ. ಅದು ಅವರಿಗೆ ಮಾಡುವ ಅನ್ಯಾಯ.

ನಮಗಾಗಿ ಇಲಿ ಹಿಡಿಯುವವರು ಇದ್ದಾರೆ, ಅವರನ್ನೇ ನಾವು ಹೊಡೆದು ಓಡಿಸುತ್ತೇವೆ. ಕೇರೆ ಹಾವಿಗೆ ವಿಷವಿಲ್ಲ, ಅದರ ಊಟವೇ ಇಲಿ, ಬಿಲದೊಳಕ್ಕೇ ಹೋಗಿ ಮರಿಗಳ ಸಮೇತ ತಿನ್ನಬಲ್ಲದು. ತತ್ತಿ, ಎಳೆಮರಿಗೂ ಒಮ್ಮೊಮ್ಮೆ ಬಾಯಿ ಹಾಕುತ್ತದೆ ನಿಜ, ಆದರೆ ಅರ್ಧ ಇಂಚಿನ ಜಾಳಿಗೆ ಅದನ್ನೂ ತಡೆಯುತ್ತದೆ. ಹಾಳು ಮನೆಯ ತೊಲೆಯಲ್ಲಿ ಕೂರುವ ಕಣಜ ಗೂಬೆಯ ಜೋಡಿ ಮರಿ ಸಾಕುವಾಗ ರಾತ್ರಿಗೆ ಹಲವು ಇಲಿ ಹೊತ್ತು ತರುತ್ತದೆ. ಅದು ಅಪಶಕುನ ಎಂದು ಕಲ್ಲು ಬೀರುವುದನ್ನು ನಾವು ಬಿಡಬೇಕು. 1972ರ ವನ್ಯಜೀವಿ ಕಾಯ್ದೆ ಎರಡನ್ನೂ ಕಾಪಾಡುತ್ತದೆ ಎನ್ನುವುದು ಬೇರೆ ಮಾತು. ಕಾಯ್ದೆ ಇರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಗಣೇಶ ಚೌತಿಯ ಮರುದಿನ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಲಿ ವಾರ ಮಾಡುತ್ತಾರೆ. ವರ್ಷವಿಡೀ ಕಾಳಿಗೆ, ಬಟ್ಟೆಗೆ ಬಾಯಿ ಹಾಕಬೇಡಪ್ಪ ಎಂದು ಬೇಡಿಕೊಂಡು ಅದಕ್ಕೊಂದು ಎಡೆ. ನನಗೆ ಈ ಆಚರಣೆಯ ಮೇಲೆ ಗೌರವವಿದೆ. ಆ ದಿನ ಇಡೀ ಓಣಿ ಒಟ್ಟಿಗೆ ಇಲಿಯ ವಿಚಾರ ಮಾಡುತ್ತದೆ. ಉಳಿದ ದಿನ ಪ್ರತಿ ಮನೆಯೂ ತನ್ನ ಪಾಡಿಗೆ ಒಂದು ಪೊಟ್ಟಣ ಪಾಷಾಣ ತಂದು ಕೈ ತೊಳೆದುಕೊಳ್ಳುತ್ತದೆ. ನನ್ನ ಹಿತ್ತಲಿನ ಇಲಿ ಸತ್ತರೆ ಖಾಲಿಯಾದ ಬಿಲಕ್ಕೆ ನಿಮ್ಮ ಹಿತ್ತಲಿನದು ಬಂದು ಸೇರುತ್ತದೆ. ಒಂದು ಮನೆ ಗೆಲ್ಲುವ ಜಗಳವೇ ಅಲ್ಲ ಇದು.

ಒಟ್ಟಾಗಿ ಮಾಡಿದವರು ಗೆದ್ದಿದ್ದಾರೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಪೂರ್ವ ಗಡಿಯಲ್ಲಿ 1950ರಲ್ಲಿ ಮೊದಲ ಸಲ ಇಲಿ ಕಂಡಾಗ, ಗಡಿಯುದ್ದಕ್ಕೂ ಸುಮಾರು 600 ಕಿಲೋಮೀಟರ್ ಉದ್ದ, 29 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಪ್ರತಿ ರೈತನ ಕಣಜ, ಬಣವೆ ತಪಾಸಣೆ ಶುರುವಾಯಿತು. ಇಂದಿಗೂ ಅಲ್ಲಿ ಇಲಿ ನೆಲೆಯೂರಿಲ್ಲ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಏಷ್ಯಾದ ರೈತರಿಗೆ ಹೇಳುತ್ತ ಬಂದಿರುವುದೂ ಇದನ್ನೇ: ಇಲಿಯ ಕೆಲಸವನ್ನು ಊರವರೆಲ್ಲ ಸೇರಿ, ಅದು ಮರಿ ಹಾಕುವ ಕಾಲ ಬರುವ ಮೊದಲೇ ಮಾಡಿ ಮುಗಿಸಬೇಕು. ನಮ್ಮ ಹಿರಿಯರಿಗೂ ಇದು ಹೊಸದಲ್ಲ. ಪ್ಲೇಗಿನ ಕಾಲದಲ್ಲಿ ನಮ್ಮ ರಾಣೆಬೆನ್ನೂರು ಹುಬ್ಬಳ್ಳಿ ಇರುವ ಧಾರವಾಡ ಜಿಲ್ಲೆಯಲ್ಲೇ ಇತ್ತು. ಮುಂಬೈಯಲ್ಲಿ 1896ರಲ್ಲಿ ಕಾಣಿಸಿದ ಪ್ಲೇಗು ಎರಡೇ ವರ್ಷದಲ್ಲಿ ಹುಬ್ಬಳ್ಳಿಯನ್ನು ಹಿಡಿಯಿತು. 1898ರಲ್ಲಿ ಅಲ್ಲಿ ಹಾಫ್‌ಕಿನ್ ಅವರ ಪ್ಲೇಗಿನ ಲಸಿಕೆಯನ್ನು ಊರಿಗೆ ಊರೇ ಹಾಕಿಸಿಕೊಂಡಿತು. ಮನೆಯಲ್ಲಿ ಇಲಿ ಬಿದ್ದರೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಾಲವದು. ಇಂದು ಆ ಭಯವಿಲ್ಲ, ಆದರೆ ಮಳೆಗಾಲದಲ್ಲಿ ಇಲಿ ಜ್ವರ ಇದೆ. ಅದರ ರೋಗಾಣು ಇಲಿಯ ಉಚ್ಚೆಯಿಂದ ಹಸಿ ಮಣ್ಣಿಗೆ, ನಿಂತ ನೀರಿಗೆ ಸೇರಿ ಕಾಲಿನ ಗಾಯದಿಂದ ಮೈಗೆ ಹೋಗುತ್ತದೆ. ಬರಿಗಾಲಲ್ಲಿ ಕೋಳಿ ಗೂಡು ಬಳಿಯುವುದು ನಾವು ಹೆಂಗಸರೇ ಅಲ್ಲವೇ.

ನಮ್ಮ ಭಾಗಕ್ಕೆ ಸರಿಯಾದ ಹೊತ್ತು ಯುಗಾದಿ ದಾಟಿದ ಮೇಲಿನ ಬೇಸಿಗೆ. ಹೊಲ ಖಾಲಿ, ರಾಶಿ ಮಾರಾಟವಾಗಿದೆ, ನೀರು ಕಡಿಮೆ, ಇಲಿಯೂ ಕಡಿಮೆ. ಆಗ ಓಣಿಗೊಂದು ದಿನ ಗೊತ್ತು ಮಾಡಿ ಬಿಲ ಮುಚ್ಚಿ, ಕಟ್ಟಿಗೆ ರಾಶಿ ಎತ್ತಿಟ್ಟು, ಸೊಪ್ಪೆ ಬಣವೆಯನ್ನು ಮನೆಗೋಡೆಯಿಂದ ದೂರ ಒಟ್ಟಿ, ಎಲ್ಲ ಮನೆಯಲ್ಲೂ ಒಂದೇ ವಾರ ಬೋನು ಹೂಡಬೇಕು. ಕಾಳು ಮನೆಗೆ ಬಂದ ಮೇಲೆ ಶುರು ಮಾಡಿದರೆ ತಡವಾಯಿತು. ಇದನ್ನು ಕಲಿಸಲು ಬಲ್ಲವರೂ ದೂರವಿಲ್ಲ. ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಕೃಷಿ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಹಳ್ಳಿಗೆ ಬಂದಾಗ ಮಣ್ಣು ಪರೀಕ್ಷೆ ತೋರಿಸುವಂತೆ ಒಂದು ಇಲಿ ತಡೆಯುವ ಗೂಡನ್ನೂ ಕಟ್ಟಿ ತೋರಿಸಲಿ.

ಸರ್ಕಾರಕ್ಕೆ ನನ್ನದು ಒಂದೇ ಮಾತು. ಪಶುಪಾಲನಾ ಇಲಾಖೆ ಹಳ್ಳಿಯ ಹೆಂಗಸರಿಗೆ ಐದಾರು ವಾರದ ಮರಿಗಳನ್ನು ಹಂಚುತ್ತ ಬಂದಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಕೊಟ್ಟ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರಾ ಒಳ್ಳೆಯ ತಳಿಗಳು, ಬೇಗ ಬೆಳೆಯುತ್ತವೆ, ತತ್ತಿಯೂ ಹೆಚ್ಚು. ಆದರೆ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೈಗಿಟ್ಟು, ಸಹಿ ಹಾಕಿಸಿಕೊಂಡು, ಫೋಟೊ ತೆಗೆದು ಹೋಗಿಬಿಟ್ಟರೆ ಆ ರಾತ್ರಿ ಅವು ಮಲಗುವುದೆಲ್ಲಿ? ಬುಟ್ಟಿ ಬೋರಲು ಹಾಕಿ ಮೇಲೊಂದು ಕಲ್ಲಿಟ್ಟರೆ ಕೆಳಗೆ ಮಣ್ಣಿನ ನೆಲ. ಫಾರಂನಲ್ಲಿ ಬೆಳೆದ ಮರಿಗೆ ತಾಯಿಯ ರೆಕ್ಕೆ ಗೊತ್ತಿಲ್ಲ, ಅಪಾಯ ಕಂಡರೆ ಓಡುವುದೂ ಗೊತ್ತಿಲ್ಲ. ತಿಂಗಳು ಕಳೆದ ಮೇಲೆ ಎಷ್ಟು ಉಳಿದವು ಎಂದು ಕೇಳಲು ಯಾರೂ ಬರುವುದಿಲ್ಲ. ಹಂಚಿದ್ದು ಎಷ್ಟು ಎಂಬುದು ಮಾತ್ರ ವರದಿಗೆ ಹೋಗುತ್ತದೆ.

ಬೇಕಾದರೆ ಮರಿಗಳ ಸಂಖ್ಯೆಯಲ್ಲಿ ನಾಲ್ಕು ಕಡಿಮೆ ಮಾಡಿ, ಆ ದುಡ್ಡಿಗೆ ಒಂದು ಕೋಳಿ ಗೂಡಿಗಾಗುವಷ್ಟು ಬೆಸೆದ ತಂತಿಯ ಜಾಳಿಗೆ, ಒಂದು ತಗಡಿನ ಡಬ್ಬಿ, ಒಂದು ಬೋನು ಕೊಡಿ. ಉದ್ಯೋಗ ಖಾತ್ರಿಯ ವೈಯಕ್ತಿಕ ಕಾಮಗಾರಿಗಳಲ್ಲಿ ಕೋಳಿ ಶೆಡ್ಡಿಗೂ ಅವಕಾಶ ಮಾಡಿದ್ದರು. ಅದರ ಲಾಭ ಐದಾರು ಕೋಳಿ ಸಾಕುವ ಬಡವಿಗೆ ಮುಟ್ಟಬೇಕಾದರೆ ಚಿಕ್ಕ ಗೂಡಿನ ನಕಾಶೆಯೂ ಪಂಚಾಯಿತಿಯಲ್ಲಿ ಇರಬೇಕು, ನೂರು ಕೋಳಿಯ ಶೆಡ್ಡಿನದು ಮಾತ್ರ ಅಲ್ಲ. ಮರಿ ಪಡೆಯುವವರ ಪಟ್ಟಿ ಗ್ರಾಮಸಭೆಯಲ್ಲಿ ಓದುವಾಗ ಅವರಲ್ಲಿ ಯಾರಿಗೆ ಗೂಡಿದೆ, ಯಾರಿಗಿಲ್ಲ ಎಂಬುದನ್ನೂ ಓದಲಿ. ಆರು ತಿಂಗಳ ಮೇಲೆ ಉಳಿದ ಕೋಳಿಗಳ ಲೆಕ್ಕವನ್ನೂ ಅದೇ ಸಭೆಯಲ್ಲಿ ಓದಲಿ. ನಮ್ಮ ಓಣಿಯ ಹೆಂಗಸರು ಮುಂದಿನ ಸಭೆಗೆ ಇದನ್ನು ಅರ್ಜಿಯಲ್ಲಿ ಬರೆದು ತರುತ್ತಿದ್ದೇವೆ. ಚಿಗವ್ವನ ಗೂಡಿಗೆ ಎಷ್ಟು ಜಾಳಿಗೆ, ಎಷ್ಟು ಸಿಮೆಂಟು, ಎಷ್ಟು ಕೂಲಿ ತಗುಲಿತು ಎಂಬ ಚೀಟಿಯನ್ನೂ ಅದಕ್ಕೆ ಲಗತ್ತಿಸುತ್ತೇವೆ.